ಕೋವಿಡ್ ವಾರ್ಡಿನ ಸನ್ನಿ: ಉಸಿರಾಟದ ಸೋಂಕಿನಲ್ಲಿ ಮಿದುಳಿನ ಪಾಡು

ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಗಳು ಮೂರು: ಜ್ವರ ಇದೆಯೇ, ಕೆಮ್ಮು ಇದೆಯೇ, ಉಸಿರು ಕಟ್ಟುತ್ತದೆಯೇ? ಅದೇ ಹೊತ್ತಿಗೆ ಅಮೆರಿಕದ ಏಳು ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದ 817 ವೃದ್ಧ ಕೋವಿಡ್ ರೋಗಿಗಳ ದಾಖಲೆಗಳನ್ನು ಸಂಶೋಧಕರು ಒಂದೊಂದಾಗಿ ತೆಗೆದು ನೋಡಿದರು. ಅವರಲ್ಲಿ 226 ಮಂದಿ, ಅಂದರೆ ಶೇ 28ರಷ್ಟು ಜನ, ಬರುವಾಗಲೇ ಸನ್ನಿಯಲ್ಲಿದ್ದರು. ಈ 226 ಮಂದಿಯಲ್ಲಿ 84 ಜನರಿಗೆ ಜ್ವರವೂ ಇರಲಿಲ್ಲ, ಏದುಸಿರೂ ಇರಲಿಲ್ಲ. 37 ಜನರಲ್ಲಂತೂ ಬುದ್ಧಿ ಕಲಸಿಹೋದದ್ದೇ ಮುಖ್ಯ ಲಕ್ಷಣ. 2020ರ ನವೆಂಬರಿನಲ್ಲಿ ಪ್ರಕಟವಾದ ಈ ಅಧ್ಯಯನ ವೈದ್ಯಲೋಕದ ಮುಂದಿಟ್ಟ ಮಾತು ಸರಳ, ಆದರೆ ಗಂಭೀರ: ಶ್ವಾಸಕೋಶದ ಸೋಂಕು ವಯಸ್ಸಾದವರಲ್ಲಿ ಮಿದುಳಿನ ಮೂಲಕವೇ ಮೊದಲು ಬಾಯಿ ಬಿಡಬಹುದು. ಬಾಗಿಲಲ್ಲಿ ಕೇಳುತ್ತಿದ್ದ ಮೂರು ಪ್ರಶ್ನೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ವೈದ್ಯರು ಡೆಲಿರಿಯಂ ಎನ್ನುವ ಈ ಸ್ಥಿತಿ ಮರೆಗುಳಿತನವಲ್ಲ. ಡಿಮೆನ್ಷಿಯಾ ವರ್ಷಗಟ್ಟಲೆ ಮೆಲ್ಲಗೆ ಕವಿಯುತ್ತದೆ. ಸನ್ನಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಬಂದೆರಗುತ್ತದೆ. ಬೆಳಿಗ್ಗೆ ಮಗನ ಹೆಸರು ಹಿಡಿದು ಕರೆದ ಅಜ್ಜಿ ಸಂಜೆಗೆ ಅವನನ್ನು ಯಾರೋ ಪರಕೀಯನೆಂದು ತಿಳಿದು ಬೆದರುತ್ತಾರೆ, ಮರುದಿನ ಮತ್ತೆ ಗುರುತು ಹಿಡಿಯುತ್ತಾರೆ. ಈ ಏರಿಳಿತ ರೋಗದ ಮುಖ್ಯ ಗುರುತು. ಇನ್ನೊಂದು ಗುರುತು, ಗಮನ ಒಂದು ಕಡೆ ನಿಲ್ಲದಿರುವುದು. ಚರಕ, ಸುಶ್ರುತರು ಸನ್ನಿಪಾತ ಜ್ವರದ ಲಕ್ಷಣಗಳಲ್ಲಿ ಪ್ರಲಾಪವನ್ನು ಸೇರಿಸಿದ್ದಾರೆ. ನಮ್ಮ ಹಳ್ಳಿಮನೆಗಳಲ್ಲೂ ಜ್ವರದ ಬಡಬಡಿಕೆ ಕೇಳಿದೊಡನೆ ಹಿರಿಯರು ಎಚ್ಚರಾಗುತ್ತಿದ್ದರು. ಆದರೆ ಬಡಬಡಿಸುವವರು, ಡ್ರಿಪ್ ಕಿತ್ತೆಸೆಯುವವರು ಕಣ್ಣಿಗೆ ಬೀಳುತ್ತಾರೆ. ಗೋಡೆ ನೋಡುತ್ತ ಸುಮ್ಮನೆ ಮಲಗಿ, ಕೇಳಿದ್ದಕ್ಕೆ ತಡವಾಗಿ ಒಂದೆರಡು ಮಾತು ಆಡುವವರು ಬೀಳುವುದಿಲ್ಲ. ‘ಶಾಂತವಾಗಿದ್ದಾರೆ, ತೊಂದರೆ ಕೊಡುವುದಿಲ್ಲ’ ಎಂದು ವಾರ್ಡು ಭಾವಿಸುವ ಈ ಮೌನದ ಸನ್ನಿಯೇ ವೃದ್ಧರಲ್ಲಿ ಹೆಚ್ಚು. ತಪ್ಪಿಹೋಗುವುದೂ ಅದೇ.

ಇದು ಕೋವಿಡ್ ಜತೆ ಹುಟ್ಟಿದ ಸಂಗತಿಯಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಬಾಸ್ಟನ್ನಿನ ಮನೋರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಯುವ ವೈದ್ಯ ಕಾರ್ಲ್ ಮೆನ್ನಿಂಗರ್, ಫ್ಲೂ ಬಂದ ಮೇಲೆ ಬುದ್ಧಿ ಏರುಪೇರಾದ 100 ರೋಗಿಗಳ ವಿವರವನ್ನು 1919ರಲ್ಲೇ ಪ್ರಕಟಿಸಿದ್ದರು. ಅವರು ಗುರುತಿಸಿದ ವರ್ಗಗಳಲ್ಲಿ ಸನ್ನಿಯೂ ಒಂದು. ಜಪಾನಿನ ಅನುಭವ ಇನ್ನೂ ವಿಚಿತ್ರ. ಫ್ಲೂ ಬಂದ ಹದಿಹರೆಯದ ಮಕ್ಕಳು ಮಂಪರಿನಲ್ಲೇ ಎದ್ದು ಓಡುವುದು, ಮಹಡಿಯಿಂದ ಜಿಗಿಯುವುದು ವರದಿಯಾದಾಗ ಅನುಮಾನ ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯ ಮೇಲೆ ಹೋಯಿತು. 2007ರಲ್ಲಿ ಅಲ್ಲಿನ ಸರ್ಕಾರ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಅದನ್ನು ಕೊಡದಂತೆ ತಡೆಯಿತು. ಬೇರೆ ಔಷಧ ತೆಗೆದುಕೊಂಡವರಲ್ಲೂ, ಏನೂ ತೆಗೆದುಕೊಳ್ಳದವರಲ್ಲೂ ಅದೇ ನಡವಳಿಕೆ ಕಂಡುಬಂದ ಮೇಲೆ 2018ರಲ್ಲಿ ತಡೆ ತೆಗೆಯಲಾಯಿತು.

ಹಾಗಾದರೆ ವೈರಸ್ಸೇ ಮಿದುಳಿಗೆ ನುಗ್ಗುತ್ತದೆಯೇ? 2020ರ ಏಪ್ರಿಲಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವೈದ್ಯರು ಐಸಿಯುವಿನಲ್ಲಿದ್ದ 58 ಕೋವಿಡ್ ರೋಗಿಗಳ ಬಗ್ಗೆ ಬರೆದದ್ದನ್ನು ಈ ಪ್ರಶ್ನೆಯೊಂದಿಗೆ ಓದಬೇಕು. ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ನಿಲ್ಲಿಸಿದ ಕೂಡಲೇ 40 ಮಂದಿ ವಿಪರೀತ ಚಡಪಡಿಸತೊಡಗಿದರು. ಸನ್ನಿಯ ಪರೀಕ್ಷೆ ಮಾಡಲು ಸಾಧ್ಯವಾದ 40 ಜನರಲ್ಲಿ 26 ಮಂದಿಗೆ ಗೊಂದಲವಿತ್ತು. ಬೆನ್ನುಹುರಿಯ ದ್ರವ ತೆಗೆದು ಪರೀಕ್ಷಿಸಿದ ಏಳು ಜನರಲ್ಲಿ ಒಬ್ಬರಲ್ಲೂ ವೈರಸ್ ಸಿಗಲಿಲ್ಲ. ಮುಂದೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ತೀರಿಕೊಂಡ ರೋಗಿಗಳ ಮಿದುಳುಗಳನ್ನು ನೋಡಿದಾಗ ಸುಮಾರು ಅರ್ಧದಷ್ಟರಲ್ಲಿ ವೈರಸ್ಸಿನ ಕುರುಹು ಕಂಡಿತು. ಆದರೆ ಕುರುಹು ಇದ್ದುದಕ್ಕೂ ಮಿದುಳಿನ ಹಾನಿ ಹೆಚ್ಚಿದ್ದಕ್ಕೂ ತಾಳೆಯಾಗಲಿಲ್ಲ.

ಸದ್ಯಕ್ಕೆ ಒಪ್ಪಬಹುದಾದ ಚಿತ್ರ ಇಷ್ಟು: ಶ್ವಾಸಕೋಶದಲ್ಲಿ ಹೊತ್ತಿದ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಹರಿದು ಮಿದುಳಿನ ತಡೆಗೋಡೆಯನ್ನು ಸಡಿಲಿಸುತ್ತವೆ, ಅಲ್ಲಿನ ಕಾವಲು ಕೋಶಗಳನ್ನು ಕೆರಳಿಸುತ್ತವೆ. ಆಮ್ಲಜನಕ ಸಾಲದಾಗುತ್ತದೆ, ಸಣ್ಣ ರಕ್ತನಾಳಗಳಿಗೆ ಪೆಟ್ಟಾಗುತ್ತದೆ, ಎಚ್ಚರ ಮತ್ತು ಗಮನಕ್ಕೆ ಬೇಕಾದ ಅಸಿಟೈಲ್‌ಕೊಲಿನ್ ಕುಗ್ಗುತ್ತದೆ. ಮೊದಲೇ ವಯಸ್ಸಿನಿಂದ ದಣಿದ ಮಿದುಳಾದರೆ ಸಣ್ಣ ಪೆಟ್ಟೂ ಸಾಕು.

ಇಷ್ಟು ರೋಗದ ಪಾಲು. ಆರೈಕೆಯ ಪಾಲೂ ಇದೆ, ಮತ್ತು ಈ ವಿಷಯದಲ್ಲಿ ಅತ್ಯಂತ ನೋವಿನ ಭಾಗ ಅದೇ. 14 ದೇಶಗಳ 69 ಐಸಿಯುಗಳಲ್ಲಿ 2020ರ ಏಪ್ರಿಲ್ 28ಕ್ಕೆ ಮುಂಚೆ ದಾಖಲಾದ 2,088 ಕೋವಿಡ್ ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ 2021ರಲ್ಲಿ ಹೊರಬಂತು. ಅವರಲ್ಲಿ ಶೇ 55ರಷ್ಟು ಜನ ಸನ್ನಿಗೆ ಒಳಗಾಗಿದ್ದರು. ಶೇ 80ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಹಂತದಲ್ಲಿ ಪೂರ್ಣ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿದ್ದರು. ಶೇ 64ರಷ್ಟು ಜನರಿಗೆ ಮಿಡಜೋಲಾಮ್‌ನಂಥ ಬೆಂಜೊಡಯಾಜೆಪೈನ್ ಔಷಧಗಳನ್ನು ನಿರಂತರ ಡ್ರಿಪ್ಪಿನಲ್ಲಿ ಹರಿಸಲಾಗಿತ್ತು. ಈ ಔಷಧಗಳು ಸನ್ನಿಯನ್ನು ಹೆಚ್ಚಿಸುತ್ತವೆಂದು ಐಸಿಯು ವೈದ್ಯರಿಗೆ ಸುಮಾರು ಹದಿನೈದು ವರ್ಷಗಳಿಂದ ಗೊತ್ತಿತ್ತು. ಆದರೂ ಬಳಸಿದರು, ಏಕೆಂದರೆ ಹಾಸಿಗೆಗಳು ತುಂಬಿದ್ದವು, ಬೇರೆ ಮಂಪರು ಔಷಧಗಳಿಗೆ ಕೊರತೆ ಬಿದ್ದಿತ್ತು, ಬೋರಲು ಮಲಗಿಸಿದ ರೋಗಿ ಕೊಳವೆ ಕಿತ್ತುಕೊಂಡರೆ ಪಿಪಿಇ ಕಿಟ್ ತೊಟ್ಟು ಓಡಿಬರುವಷ್ಟರಲ್ಲಿ ಜೀವ ಹೋಗುವ ಭಯವಿತ್ತು. ಅವರನ್ನು ದೂರುವುದು ಅನ್ಯಾಯ. ಆದರೆ ಫಲಿತಾಂಶ ದಾಖಲಾಗಬೇಕು: ಆ ಡ್ರಿಪ್ ಪಡೆದವರಲ್ಲಿ ಸನ್ನಿಯ ಸಂಭವ ಶೇ 59ರಷ್ಟು ಹೆಚ್ಚಿತ್ತು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಮನೆಯವರು ಬಂದು ನೋಡಿದ ಅಥವಾ ವಿಡಿಯೊ ಕರೆಯಲ್ಲಾದರೂ ಮಾತಾಡಿದ ರೋಗಿಗಳಲ್ಲಿ ಸನ್ನಿಯ ಸಂಭವ ಶೇ 27ರಷ್ಟು ಕಡಿಮೆ. ಇದು ವೀಕ್ಷಣೆಯಿಂದ ಸಿಕ್ಕ ನಂಟೇ ಹೊರತು ಪ್ರಯೋಗದಿಂದ ಸಿದ್ಧವಾದದ್ದಲ್ಲ. ಸ್ವಲ್ಪ ಚೇತರಿಸಿಕೊಂಡವರ ಬಳಿಗೇ ಮನೆಯವರನ್ನು ಬಿಟ್ಟಿರಲೂಬಹುದು. ಹಾಗಿದ್ದರೂ ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಇದಕ್ಕೆ ಬೆಂಬಲವಾಗಿ ನಿಲ್ಲುವ ಹಳೆಯ ಪ್ರಯೋಗವೊಂದಿದೆ. ಯೇಲ್ ವಿಶ್ವವಿದ್ಯಾಲಯದ ಶ್ಯಾರನ್ ಇನೌಯಿ ಮತ್ತು ಸಂಗಡಿಗರು ಎಪ್ಪತ್ತು ದಾಟಿದ 852 ಒಳರೋಗಿಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ್ದು ಅದು. ಅಲ್ಲಿ ಮದ್ದೇನೂ ಇರಲಿಲ್ಲ. ತರಬೇತಿ ಪಡೆದ ಸ್ವಯಂಸೇವಕರು ಹಾಸಿಗೆಯ ಬಳಿ ಬಂದು ಇವತ್ತು ಯಾವ ವಾರ, ಇದು ಯಾವ ಊರು ಎಂದು ನೆನಪಿಸುತ್ತಿದ್ದರು. ಕನ್ನಡಕ, ಶ್ರವಣಯಂತ್ರ ಹಾಕಿಸುತ್ತಿದ್ದರು. ನೀರು ಕುಡಿಸಿ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ರಾತ್ರಿ ನಿದ್ರೆ ಮಾತ್ರೆಯ ಬದಲು ಬೆಚ್ಚಗಿನ ಹಾಲು, ಬೆನ್ನಿಗೆ ನೀವಿಕೆ. ಸಾಮಾನ್ಯ ಆರೈಕೆಯಲ್ಲಿ ಶೇ 15 ಇದ್ದ ಸನ್ನಿ ಈ ಆರೈಕೆ ಪಡೆದವರಲ್ಲಿ ಶೇ 9.9ಕ್ಕೆ ಇಳಿಯಿತು. ಸನ್ನಿ ಒಮ್ಮೆ ಶುರುವಾದ ಮೇಲೆ ಮಾತ್ರ ಇದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ, ಹಾಗಾಗಿ ಮುನ್ನೆಚ್ಚರಿಕೆಯೇ ಮುಖ್ಯ. ಇತ್ತ ಹ್ಯಾಲೊಪೆರಿಡಾಲ್ ಮತ್ತು ಜಿಪ್ರಸಿಡೋನ್ ಎಂಬ ಮದ್ದುಗಳನ್ನು ಸನ್ನಿ ಹಿಡಿದ 566 ಐಸಿಯು ರೋಗಿಗಳಲ್ಲಿ ಪರೀಕ್ಷಿಸಿದ 2018ರ ಅಮೆರಿಕದ ಪ್ರಯೋಗದಲ್ಲಿ, ಹುಸಿಮದ್ದಿಗಿಂತ ಅವು ಸನ್ನಿಯ ದಿನಗಳನ್ನೇನೂ ತಗ್ಗಿಸಲಿಲ್ಲ.

ಕರ್ನಾಟಕದ ವಾರ್ಡುಗಳನ್ನು ಬಲ್ಲವರಿಗೆ ಯೇಲ್ ಸ್ವಯಂಸೇವಕರ ಕೆಲಸದ ಪಟ್ಟಿ ಹೊಸದೆನಿಸುವುದಿಲ್ಲ. ಮಂಚದ ಪಕ್ಕ ಚಾಪೆ ಹಾಸಿಕೊಂಡಿರುವ ಮಗಳು, ಫ್ಲಾಸ್ಕಿನಲ್ಲಿ ಗಂಜಿ ತರುವ ಸೊಸೆ, ಬಚ್ಚಲಿಗೆ ಕೈಹಿಡಿದು ನಡೆಸುವ ತಮ್ಮ ಮಾಡುವುದೂ ಅದನ್ನೇ. ಕೋವಿಡ್ ವಾರ್ಡಿನಿಂದ ಸೋಂಕಿನ ಭಯಕ್ಕೆ ಇವರನ್ನೆಲ್ಲ ಹೊರಗಿಡಲಾಯಿತು. ಒಳಗೆ ಉಳಿದದ್ದು ಮುಖ ಕಾಣದ, ಮಾತು ಸರಿಯಾಗಿ ಕೇಳಿಸದ, ಒಂದೇ ಬಗೆಯ ಬಿಳಿ ಉಡುಗೆಯ ಸಿಬ್ಬಂದಿ. ಕಿವಿ ಮಂದವಾದ, ಕನ್ನಡಕ ಮನೆಯಲ್ಲೇ ಉಳಿದ ವೃದ್ಧರಿಗೆ ಅದು ಎಂಥ ಲೋಕವಾಗಿ ಕಂಡಿರಬೇಕು! ಮುಂದಿನ ಸಾಂಕ್ರಾಮಿಕಕ್ಕೆ ಮಾರ್ಗಸೂಚಿ ಬರೆಯುವವರು, ಪಿಪಿಇ ತೊಟ್ಟ ಒಬ್ಬ ಜೊತೆಗಾರರನ್ನು ಚಿಕಿತ್ಸೆಯ ಭಾಗವೆಂದೇ ಲೆಕ್ಕಕ್ಕೆ ಹಿಡಿಯಬೇಕೆಂದು ಈ ಲೇಖನ ವಾದಿಸುತ್ತದೆ.

ಪತ್ತೆಯ ಕೆಲಸಕ್ಕೆ ಯಂತ್ರ ಬೇಡ, ಎರಡು ನಿಮಿಷ ಬೇಕು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ಲಿ ಈಲಿ ತಂಡ 2001ರಲ್ಲಿ ರೂಪಿಸಿದ ಪರೀಕ್ಷೆ ವೆಂಟಿಲೇಟರ್ ಮೇಲಿರುವ, ಮಾತಾಡಲಾಗದ ರೋಗಿಗೂ ನಡೆಯುತ್ತದೆ. ನರ್ಸ್ ರೋಗಿಯ ಕೈ ಹಿಡಿದು ಹತ್ತು ಇಂಗ್ಲಿಷ್ ಅಕ್ಷರಗಳನ್ನು ನಿಧಾನವಾಗಿ ಹೇಳುತ್ತಾರೆ. ‘ಎ’ ಬಂದಾಗಲೆಲ್ಲ ರೋಗಿ ಕೈ ಅದುಮಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕದಡಿದೆ ಎಂದರ್ಥ. ಆಮೇಲೆ ಕಲ್ಲು ನೀರಿನ ಮೇಲೆ ತೇಲುತ್ತದೆಯೇ, ಸಮುದ್ರದಲ್ಲಿ ಮೀನು ಇರುತ್ತದೆಯೇ ಎಂಬಂಥ ಪ್ರಶ್ನೆಗಳು, ತಲೆಯಾಡಿಸಿದರೂ ಸಾಕು. ಶಾಲೆಗೆ ಹೋಗದ ಬೀದರ್ ಅಥವಾ ಚಾಮರಾಜನಗರದ ಅಜ್ಜಿಗೆ ಇಂಗ್ಲಿಷ್ ಅಕ್ಷರಗಳ ಪರೀಕ್ಷೆ ಒಡ್ಡಿ ‘ಸನ್ನಿ ಇದೆ’ ಎಂದು ಬರೆದರೆ ಅದು ಅಳತೆಗೋಲಿನ ದೋಷವಾಗುತ್ತದೆ. ಅದೇ ಪರೀಕ್ಷೆಯಲ್ಲಿ ಅಕ್ಷರದ ಬದಲು ಚಿತ್ರ ತೋರಿಸುವ ದಾರಿಯಿದೆ. ಎಡಿನ್‌ಬರೋದಲ್ಲಿ ರೂಪುಗೊಂಡ 4ಎಟಿ ಪರೀಕ್ಷೆ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುತ್ತದೆ. ನಮ್ಮಲ್ಲಿ ಶನಿವಾರದಿಂದ ಹಿಂದಕ್ಕೆ ವಾರಗಳನ್ನು ಹೇಳಿಸುವುದು ಹೆಚ್ಚು ಹೊಂದಬಹುದು, ಆದರೆ ಅದನ್ನು ನಮ್ಮ ವಾರ್ಡುಗಳಲ್ಲಿ ಒರೆಗೆ ಹಚ್ಚಿದ ಮೇಲಷ್ಟೇ ಬಳಸಬೇಕು.

ಸನ್ನಿ ಇಳಿದ ಮೇಲೂ ಕಥೆ ಮುಗಿಯದು. ಐಸಿಯುವಿನಲ್ಲಿ ಚಿಕಿತ್ಸೆ ಪಡೆದ 821 ರೋಗಿಗಳನ್ನು ಅಮೆರಿಕದಲ್ಲಿ ಹಿಂಬಾಲಿಸಿದ 2013ರ ಅಧ್ಯಯನದಲ್ಲಿ ಶೇ 74ರಷ್ಟು ಜನರಿಗೆ ಸನ್ನಿ ಬಂದಿತ್ತು. ಬದುಕುಳಿದವರಲ್ಲಿ ಒಂದು ವರ್ಷ ಕಳೆದರೂ ಮೂವರಲ್ಲಿ ಒಬ್ಬರ ಬುದ್ಧಿಶಕ್ತಿಯ ಅಂಕಗಳು ಮಧ್ಯಮ ಮಟ್ಟದ ತಲೆಪೆಟ್ಟು ಬಿದ್ದವರ ಮಟ್ಟದಲ್ಲೇ ಇದ್ದವು. ಸನ್ನಿ ಎಷ್ಟು ದಿನ ಕಾಡಿತ್ತೋ ಅಂಕಗಳು ಅಷ್ಟು ಕಡಿಮೆ. ಮನೆಯಲ್ಲಿ ಇದು ಕಾಣುವುದು ಅಂಗಡಿಯ ಲೆಕ್ಕ ತಪ್ಪುವುದರಲ್ಲಿ, ಬಿಪಿ ಮಾತ್ರೆ ಎರಡು ಸಲ ನುಂಗುವುದರಲ್ಲಿ. ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ನೆನಪು, ಗಮನ, ಭಾಷೆಯನ್ನು ಅಳೆಯುವ ಎಸಿಇ-3 ಪರೀಕ್ಷೆ ಕನ್ನಡಕ್ಕೆ ಹೊಂದಿಸಿ ಸಿದ್ಧವಾಗಿದೆ. ಬಿಡುಗಡೆಯ ಚೀಟಿಯಲ್ಲಿ ‘ಸನ್ನಿ ಇತ್ತು, ಇಷ್ಟು ದಿನ’ ಎಂದು ಒಂದು ಸಾಲು ಬರೆದು, ಮೂರು ತಿಂಗಳ ಬಳಿಕ ಶ್ವಾಸಕೋಶದ ತಪಾಸಣೆಗೆ ಬಂದಾಗಲೇ ಈ ಪರೀಕ್ಷೆಯನ್ನೂ ಮಾಡಿದರೆ, ಯಾರಿಗೆ ಎಷ್ಟು ಹಾನಿ ಉಳಿದಿದೆ ಎಂಬುದು ಮನೆಯವರಿಗೂ ವೈದ್ಯರಿಗೂ ತಿಳಿಯುತ್ತದೆ.