ತಂಬೋರಾದ ಹೊಗೆ, ಕೇರಿಯ ನೀರು



1818 ಅಂದ್ರೆ ನಮಗೆಲ್ಲ ಭೀಮಾ ಕೋರೆಗಾಂವ್ ನೆನಪಾಗ್ತದೆ. ಅದೇ ವರ್ಷ ದಖ್ಖನ್ನಿನ ಮೇಲೆ ಕಾಲರಾನೂ ಹಾದು ಹೋಯ್ತು. ಅದರ ಮಾತು ನಮ್ಮಲ್ಲಿ ಕಡಿಮೆ.

ಕಥೆ ಶುರುವಾಗೋದು ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ. 1815ರ ಏಪ್ರಿಲ್ 10ರಂದು ತಂಬೋರಾ ಜ್ವಾಲಾಮುಖಿ ಸಿಡಿದು, ಸುಮಾರು 4,300 ಮೀಟರ್ ಎತ್ತರದ ಗುಡ್ಡ 2,850 ಮೀಟರಿಗೆ ಇಳಿಯಿತು. ಬೂದಿ ಬೇಗ ನೆಲಕ್ಕೆ ಬಿತ್ತು. ಆದರೆ ಗಂಧಕದ ಅನಿಲ ಮೋಡಗಳಿಗಿಂತ ಮೇಲೇರಿ, ಸಣ್ಣ ಹನಿಗಳಾಗಿ, ಬಿಸಿಲಿಗೆ ಪರದೆ ಕಟ್ಟಿತು. ನೆಲ ಸರಿಯಾಗಿ ಕಾಯದಿದ್ದರೆ ಮುಂಗಾರು ಹೆಂಗ ಬಂದೀತು? 1816 ಯುರೋಪಿನಲ್ಲಿ ಬೇಸಿಗೆ ಇಲ್ಲದ ವರ್ಷ ಆಯ್ತು. ಭಾರತದಲ್ಲಿ ಮಳೆ ಹದ ತಪ್ಪಿತು. 1817ರಲ್ಲಿ ಬಂಗಾಳದ ಜೆಸ್ಸೋರಿನಲ್ಲಿ ಕಾಲರಾ ಎದ್ದು, ಮರುವರ್ಷ ಮುಂಬೈ ಮುಟ್ಟಿತು. ಕೆಟ್ಟ ಮಳೆಗೂ ಈ ರೋಗಕ್ಕೂ ನಂಟು ಐತಿ ಅಂತ ಕೆಲವು ಇತಿಹಾಸಕಾರರು ವಾದಿಸ್ತಾರೆ.

ಜ್ವಾಲಾಮುಖಿಗೆ ಜಾತಿ ಇಲ್ಲ, ಖರೆ. ಆದರೆ ಕಾಲರಾ ಹರಡೋದು ಹೊಲಸು ನೀರಿನಿಂದ. ಊರ ಬಾವಿ ಮುಟ್ಟಬ್ಯಾಡ್ರಿ ಅಂತ ಯಾರಿಗೆ ಹೇಳಿದ್ರು? ದನ ಇಳಿಯೋ ಹೊಂಡದ ನೀರು ಯಾರ ಪಾಲಿಗೆ ಬಂತು? ಮಳೆ ಕೆಡಿಸಿದ್ದು ಗುಡ್ಡ, ನಮ್ಮ ನೀರು ಕಸಿದದ್ದು ಮನುಷ್ಯರು.

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚವದಾರ ಕೆರೆಯ ನೀರು ಕುಡಿದದ್ದನ್ನ ಸ್ವಾಭಿಮಾನದ ಹೋರಾಟ ಅಂತೀವಿ. ಅದು ಜೀವ ಉಳಿಸಿಕೊಳ್ಳೋ ಹೋರಾಟವೂ ಹೌದು.

ಈಗ ಮತ್ತೆ ಹವಾಮಾನ ಬದಲಾಗ್ತಿದೆ, ಈ ಸಲ ಮನುಷ್ಯರ ಹೊಗೆಯಿಂದ. ನಮ್ಮ ಶಿಗ್ಗಾಂವ ತಾಲೂಕಿನ ಗ್ರಾಮಸಭೆಗಳಲ್ಲಿ ಎದ್ದು ನಿಂತು ಕೇಳ್ರಿ: ನೀರು ಕಡಿಮೆಯಾದಾಗ ಮೊದಲು ಒಣಗೋ ನಳ ಯಾವ ಕೇರಿಯದು?

ಜೈ ಭೀಮ್.