ಸೀಮೆಸುಣ್ಣದ ಇಳಿಜಾರುಗಳ ಮಣ್ಣು: ಲಂಡನ್ ಸೀಮೆಯ ಒಂದು ಅಧ್ಯಯನ ಪರಂಪರೆ

ಬೃಹತ್ ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಕ್ರಾಯ್ಡನ್ ಮತ್ತು ಬ್ರಾಮ್ಲಿ ಪ್ರದೇಶಗಳ ಮನೆಸಾಲುಗಳು ಮುಗಿಯುವೆಡೆಯಲ್ಲಿ, ನಾರ್ತ್ ಡೌನ್ಸ್ ಎಂಬ ಸೀಮೆಸುಣ್ಣಕಲ್ಲಿನ ಗುಡ್ಡಸಾಲು ಹೊಳೆಯಿಲ್ಲದ ಅನೇಕ ಒಣಕಣಿವೆಗಳಾಗಿ ಸೀಳಿಕೊಂಡಿದೆ. ಆ ಕಣಿವೆಗಳ ಕಡಿದಾದ ಪಾರ್ಶ್ವಗಳ ಮೇಲೆ, ಫಾರ್ದಿಂಗ್ ಡೌನ್ಸ್, ಹ್ಯಾಪಿ ವ್ಯಾಲಿ, ರಿಡಲ್ಸ್‌ಡೌನ್, ಹಚಿನ್ಸನ್ಸ್ ಬ್ಯಾಂಕ್, ಸಾಲ್ಟ್‌ಬಾಕ್ಸ್ ಹಿಲ್ ಮುಂತಾದ ತಾಣಗಳಲ್ಲಿ, ಶತಮಾನಗಳ ಕಾಲ ಕುರಿಗಳು ಮೇಯ್ದ ಹುಲ್ಲುಗಾವಲಿನ ತುಣುಕುಗಳು ಇಂದಿಗೂ ಉಳಿದಿವೆ. ಈ ನೆಲವನ್ನು ಕುರಿತು ಈಚೆಗೆ ಎರಡು ಮಾತುಗಳು ಬಳಕೆಗೆ ಬಂದಿವೆ: ಇದು ಬಡಮಣ್ಣು, ಆದುದರಿಂದ ಇದಕ್ಕೆ ಸತ್ತ್ವ ತುಂಬಬೇಕೆಂಬುದು ಒಂದು, ಬರಿದಾಗಿ ಕಾಣುವ ಇಳಿಜಾರಿಗೆಲ್ಲ ಮರ ನೆಟ್ಟರೆ ಪ್ರಕೃತಿಗೆ ಉಪಕಾರವಾಗುವುದೆಂಬುದು ಇನ್ನೊಂದು. ಇವೆರಡೂ ಆ ಮಣ್ಣಿನ ಸ್ವಭಾವವನ್ನರಿಯದೆ ಆಡಿದ ಮಾತುಗಳೆಂಬುದನ್ನು ನೂರೈವತ್ತು ವರ್ಷಗಳ ಅಧ್ಯಯನವೇ ತೋರಿಸುತ್ತದೆಯಾದರೂ, ಆ ಅಧ್ಯಯನವನ್ನು ಓದುವವರು ವಿರಳರಾಗಿದ್ದಾರೆ.

ಮೊದಲು ಮಣ್ಣಿನ ರೂಪವನ್ನು ಹೇಳಬೇಕು. ಇಳಿಜಾರಿನ ಮೇಲೆ ಒಂದು ಗುಳಿಯನ್ನು ತೋಡಿದರೆ, ಅನೇಕ ಕಡೆಗಳಲ್ಲಿ ಗೇಣುದ್ದವೂ ಇಲ್ಲದ ಕಪ್ಪುಗಂದಿನ, ಹುಡಿಹುಡಿಯಾದ, ಬೇರುಗಳಿಂದ ದಟ್ಟವಾದ ಮಣ್ಣು. ಅದರಲ್ಲಿ ಅಲ್ಲಲ್ಲಿ ಚಕಮಕಿ ಕಲ್ಲುಗಳು. ಕೆಳಗೆ ನೇರವಾಗಿ ಸೀಮೆಸುಣ್ಣದ ಚೂರು, ಅದರಡಿಯಲ್ಲಿ ಬಿರುಕುಬಿಟ್ಟ ಬಂಡೆ. ಮೃತ್ತಿಕಾಶಾಸ್ತ್ರಜ್ಞರು ಇದನ್ನು ರೆಂಡ್‌ಜಿನ ಎನ್ನುತ್ತಾರೆ. ಸುಣ್ಣದಂಶ ಹೇರಳವಾಗಿರುವುದರಿಂದ ಜೀವಾಂಶವು ಅದರೊಡನೆ ಬೆಸೆದು ಮಣ್ಣಿಗೆ ಉತ್ತಮವಾದ ಕಣರಚನೆಯನ್ನು ಕೊಡುತ್ತದೆ. ಆದರೆ ಅದೇ ಸುಣ್ಣವು ರಂಜಕವನ್ನು ಹಿಡಿದಿಟ್ಟುಕೊಂಡು, ಕಬ್ಬಿಣವನ್ನು ಬೇರಿಗೆ ದೊರಕದಂತೆ ಮಾಡುತ್ತದೆ. ತೆಳುವಾದ ಈ ಮಣ್ಣು ಬೇಸಗೆಯಲ್ಲಿ ಬೇಗನೆ ಒಣಗಿದರೂ, ಕೆಳಗಿನ ಬಂಡೆಯ ಸೂಕ್ಷ್ಮರಂಧ್ರಗಳಲ್ಲಿ ನಿಂತ ನೀರು ಆಳಕ್ಕಿಳಿದ ಬೇರುಗಳನ್ನು ಬದುಕಿಸುತ್ತದೆ. ಯಾವ ಒಂದು ಹುಲ್ಲಿಗೂ ಸೊಕ್ಕಿ ಬೆಳೆದು ಉಳಿದವನ್ನು ಮುಚ್ಚಿಹಾಕುವಷ್ಟು ಆಹಾರ ದೊರೆಯದಿರುವುದರಿಂದಲೇ ಒಂದು ಚದರ ಮೀಟರಿನಲ್ಲಿ ಮೂವತ್ತು ನಲವತ್ತು ಜಾತಿಯ ಸಸ್ಯಗಳು ಒಟ್ಟಿಗೆ ನಿಲ್ಲುವುದು ಇಲ್ಲಿ ಸಾಧ್ಯವಾಗಿದೆ.

ಈ ನೆಲವನ್ನು ಮೊದಲು ಕಂಡವರು ಭೂವಿಜ್ಞಾನಿಗಳು. ಗುಡ್ಡಗಳ ನೆತ್ತಿಯ ಮೇಲಿನ ಚಕಮಕಿ ಬೆರೆತ ಜೇಡಿಯನ್ನು ವಿಲಿಯಂ ವಿಟೇಕರ್ 1861ರಲ್ಲಿ ಪ್ರತ್ಯೇಕವಾಗಿ ಗುರುತಿಸಿದನು. ಹಿಮಯುಗದಲ್ಲಿ ಸೀಮೆಸುಣ್ಣದ ಬಂಡೆಯು ಹೆಪ್ಪುಗಟ್ಟಿ, ನೀರು ಒಳಗೆ ಇಂಗಲಾರದೆ ಮೇಲೆಯೇ ಹರಿದು ಈ ಒಣಕಣಿವೆಗಳನ್ನು ಕೊರೆಯಿತೆಂದು ಕ್ಲೆಮೆಂಟ್ ರೀಡ್ 1887ರಲ್ಲಿ ವಾದಿಸಿದನು. ಇವರಿಗೆ ಮಣ್ಣು ಬಂಡೆಯನ್ನು ಮರೆಮಾಡುವ ಹೊದಿಕೆಯಾಗಿತ್ತೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ.

ಅದನ್ನು ವಸ್ತುವನ್ನಾಗಿ ಮಾಡಿದ ಕೀರ್ತಿ, ಇಂದು ಬ್ರಾಮ್ಲಿಗೆ ಸೇರಿರುವ ಡೌನ್ ಗ್ರಾಮದಲ್ಲಿ 1842ರಿಂದ ಸಾಯುವವರೆಗೂ ನೆಲೆಸಿದ್ದ ಚಾರ್ಲ್ಸ್ ಡಾರ್ವಿನ್ನನಿಗೆ ಸಲ್ಲಬೇಕು. ಆ ವರ್ಷದ ಡಿಸೆಂಬರಿನಲ್ಲಿ ಅವನು ಒಂದು ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 29 ವರ್ಷಗಳ ಅನಂತರ 1871ರಲ್ಲಿ ಅಲ್ಲಿ ಕಾಲುವೆ ತೋಡಿಸಿದಾಗ, ಆ ಚೂರುಗಳ ಬಿಳಿಯ ಗೆರೆ ನೆಲದಿಂದ ಏಳು ಅಂಗುಲ ಕೆಳಗೆ ಕಾಣಿಸಿತು. ಅಷ್ಟು ಮಣ್ಣನ್ನು ಮೇಲಕ್ಕೆತ್ತಿದವು ಎರೆಹುಳುಗಳು. 1881ರಲ್ಲಿ ಪ್ರಕಟವಾದ ಅವನ ಎರೆಹುಳುವಿನ ಗ್ರಂಥವನ್ನು ಎಲ್ಲರೂ ಹೆಸರಿಸುತ್ತಾರೆ. ಆದರೆ ಅದರಲ್ಲಿ ಇಳಿಜಾರನ್ನು ಕುರಿತು ಬರೆದ ಭಾಗವನ್ನು, ಹುಳುಗಳ ಹಿಕ್ಕೆಯು ಮಳೆಗೆ ಕರಗಿ, ಒಣಗಿ ಉರುಳಿ, ವರ್ಷವರ್ಷವೂ ಕಣಿವೆಯ ತಳಕ್ಕೆ ಜಾರುವುದನ್ನು ಅವನು ಅಳೆದು ತೂಗಿ ನೋಡಿದುದನ್ನು ನೆನೆಯುವವರು ಕಡಿಮೆ. ಇಳಿಜಾರಿನ ಮಣ್ಣು ನಿಂತ ವಸ್ತುವಲ್ಲ, ನಿಧಾನವಾಗಿ ನಡೆಯುತ್ತಿರುವ ವಸ್ತುವೆಂಬ ತಿಳಿವು ಅಲ್ಲಿಂದ ಬಂದಿತು.

ಅನಂತರದ ಅರ್ಧ ಶತಮಾನವನ್ನು ಸಂಕ್ಷೇಪವಾಗಿ ಹೇಳಬಹುದು. ರಾಥಮ್‌ಸ್ಟೆಡ್ ಸಂಶೋಧನಾಲಯದ ಹಾಲ್ ಮತ್ತು ರಸೆಲ್ 1911ರಲ್ಲಿ ಕೆಂಟ್, ಸರ‍್ರೆ, ಸಸೆಕ್ಸ್ ಪ್ರಾಂತಗಳ ಕೃಷಿ ಮತ್ತು ಮಣ್ಣುಗಳ ವರದಿಯನ್ನು ಹೊರತಂದರು; ಅದು ಮಹತ್ತ್ವದ ಕೆಲಸವೇ ಆದರೂ ಅವರ ದೃಷ್ಟಿ ಮುಖ್ಯವಾಗಿ ಬೇಸಾಯದ ಮೇಲಿತ್ತು. 1920ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ಟ್ಯಾನ್ಸ್‌ಲೀ ಸೀಮೆಸುಣ್ಣದ ಹುಲ್ಲುಗಾವಲುಗಳನ್ನು ಪರೀಕ್ಷಿಸಿ, ಮೊಲಗಳನ್ನು ಬೇಲಿಯಿಂದ ತಡೆದ ಕಡೆ ಸಸ್ಯಗಳು ಹೇಗೆ ಮಾರ್ಪಡುವುವೆಂಬುದನ್ನು ತೋರಿಸಿದನು. ಮಣ್ಣು, ಸಸ್ಯ, ಪ್ರಾಣಿಗಳನ್ನು ಒಂದೇ ವ್ಯವಸ್ಥೆಯಾಗಿ ನೋಡಬೇಕೆಂದು 1935ರಲ್ಲಿ ಹೇಳಿದವನೂ ಅವನೇ. ಆದರೆ ಅವನ ಅನುಯಾಯಿಗಳಲ್ಲಿ ಹಲವರು ಆ ಸೂತ್ರವನ್ನು ಉದ್ಧರಿಸಿ, ಗುದ್ದಲಿಯನ್ನು ಕೆಳಗಿಟ್ಟುಬಿಟ್ಟರು.

ಗುದ್ದಲಿಯನ್ನು ಮತ್ತೆ ಕೈಗೆತ್ತಿಕೊಂಡವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಣ್ಣು ಸರ್ವೇಕ್ಷಣೆಯವರು. 1946ರಲ್ಲಿ ರಾಥಮ್‌ಸ್ಟೆಡ್‌ಗೆ ಬಂದು ನೆಲೆಗೊಂಡ ಈ ಸಂಸ್ಥೆಯ ಏವರಿಯವರು ಚಿಲ್ಟರ್ನ್ ಗುಡ್ಡಗಳ ಮಣ್ಣುಗಳನ್ನು ಕುರಿತು 1964ರಲ್ಲಿ ಪ್ರಕಟಿಸಿದ ಗ್ರಂಥವು, ನಮ್ಮ ತಲೆಮಾರಿನವರಿಗೆ ಇಳಿಜಾರನ್ನು ಓದುವ ಬಗೆಯನ್ನು ಕಲಿಸಿತು. ಹೊರನೋಟಕ್ಕೆ ಒಂದೇ ಎನಿಸುವ ರೆಂಡ್‌ಜಿನದಲ್ಲಿ ಬೇರೆಬೇರೆ ಶ್ರೇಣಿಗಳಿವೆ: ಹಳೆಯ ಹುಲ್ಲಿನಡಿಯ ಕಡಿದಾದ ಇಳುಕಲಿನಲ್ಲಿ ಜೀವಾಂಶ ತುಂಬಿದ ಇಕ್‌ನೀಲ್ಡ್, ಸೀಮೆಸುಣ್ಣ ಬೆರೆತು ಬೂದಿಬಣ್ಣಕ್ಕೆ ತಿರುಗಿದ ಅಪ್ಟನ್, ಇಳಿಜಾರು ತಗ್ಗಿದೆಡೆ ಕಂದುಬಣ್ಣದ ಆಂಡೋವರ್, ಕಣಿವೆಯ ತಳದಲ್ಲಿ ಜಾರಿಬಂದ ಮಣ್ಣು ಶೇಖರವಾಗಿ ಆಳವಾದ ಕೂಂಬ್. 1967ರಲ್ಲಿ ಹಾಜ್‌ಸನ್, ಕ್ಯಾಟ್, ವಿಯರ್ ಎಂಬ ಮೂವರು ಸೌತ್ ಡೌನ್ಸ್‌ನ ಚಕಮಕಿ ಜೇಡಿಯ ಹುಟ್ಟನ್ನು ಶೋಧಿಸಿದರು. ಹಿಮಯುಗದ ಗಾಳಿ ಹೊತ್ತುತಂದ ನವಿರಾದ ಧೂಳು ಈ ಸೀಮೆಯ ಮಣ್ಣುಗಳಲ್ಲಿ ಎಷ್ಟೋ ಕಡೆ ಬೆರೆತಿದೆಯೆಂಬುದನ್ನು ಕ್ಯಾಟ್ ಅವರ ಮುಂದಿನ ಲೇಖನಗಳು ಸ್ಥಿರಪಡಿಸಿದುವು. ಮಣ್ಣೆಲ್ಲವೂ ಕೆಳಗಿನ ಬಂಡೆ ಕರಗಿಯೇ ಹುಟ್ಟಿತೆಂಬ ಸರಳವಾದ ನಂಬಿಕೆ ಅಲ್ಲಿಗೆ ಮುಗಿಯಿತು. ಸರ್ವೇಕ್ಷಣೆಯ 1974ರ ಕ್ಷೇತ್ರ ಕೈಪಿಡಿಯನ್ನು ಹಿಡಿದು, ಕಲ್ಲಿನ ಪ್ರಮಾಣ, ಬಣ್ಣ, ಕಣರಚನೆ, ಬೇರಿನ ಆಳ ಇವನ್ನು ಪ್ರತಿಯೊಂದು ಗುಳಿಯಲ್ಲಿಯೂ ಒಂದೇ ಕ್ರಮದಲ್ಲಿ ಬರೆದಿಡುವ ಶಿಸ್ತು ಬೆಳೆಯಿತು. ಈ ಶಾಸ್ತ್ರಕ್ಕೆ ಅದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ಕುರಿಯ ಪಾತ್ರವನ್ನು ಮಾತ್ರ ಮೃತ್ತಿಕಾಶಾಸ್ತ್ರಜ್ಞರಾದ ನಮ್ಮವರು ಬಹುಕಾಲ ಸಸ್ಯಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟರು. ನಮ್ಮ ಬಯಲುಸೀಮೆಯ ರೈತನು ಕುರುಬರನ್ನು ಕರೆಸಿ ರಾತ್ರಿಯ ಹೊತ್ತು ತನ್ನ ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸಿಕೊಳ್ಳುವಂತೆಯೇ, ಇಲ್ಲಿನ ರೈತರೂ ಹಗಲು ಗುಡ್ಡದಲ್ಲಿ ಮೇಯಿಸಿದ ಕುರಿಗಳನ್ನು ರಾತ್ರಿ ಕೆಳಗಿನ ಹೊಲಗಳಲ್ಲಿ ತಡಿಕೆಯೊಳಗೆ ಕೂಡುತ್ತಿದ್ದರು. ಗುಡ್ಡದ ರಂಜಕವೂ ಸಾರಜನಕವೂ ಹೀಗೆ ನೂರಾರು ವರ್ಷ ಹೊಲಕ್ಕೆ ಇಳಿದುಬಂದವು. ಇಳಿಜಾರಿನ ಬಡತನವು ಪ್ರಕೃತಿ ಕೊಟ್ಟುದು ಅರ್ಧ, ಕುರಿಗಾಹಿ ಮಾಡಿದುದು ಅರ್ಧ. ಮೇಯಿಸುವುದು ತಗ್ಗಿದ ಮೇಲೂ ಮೊಲಗಳು ಹುಲ್ಲನ್ನು ಗಿಡ್ಡವಾಗಿಟ್ಟಿದ್ದುವು. 1953ರಲ್ಲಿ ಮಿಕ್ಸೊಮ್ಯಾಟೋಸಿಸ್ ಎಂಬ ರೋಗ ಬಂದು ಅವು ನಾಶವಾದಾಗ ಮುಳ್ಳುಪೊದೆಗಳು ಇಳಿಜಾರನ್ನು ಏರಿದುವು. ಪೊದೆಯ ನೆರಳಿನಲ್ಲಿ ಎಲೆ ಕೊಳೆತು ಮಣ್ಣಿಗೆ ಸತ್ತ್ವ ಸೇರಿದ ಬಳಿಕ, ಪೊದೆಯನ್ನು ಕಡಿದುಹಾಕಿದರೂ ಹಳೆಯ ಹುಲ್ಲು ಸುಲಭವಾಗಿ ಮರಳದು. ಗೊಬ್ಬರ ಹಾಕಿರೆನ್ನುವವರೂ ಮರ ನೆಡಿರೆನ್ನುವವರೂ ಗಮನಿಸಬೇಕಾದುದು ಇದನ್ನೇ.

ಕ್ರಾಯ್ಡನ್ ಪ್ರದೇಶದ ಕೋಲ್ಸ್‌ಡನ್ನಿನ ಸಾರ್ವಜನಿಕ ಹುಲ್ಲುಗಾವಲುಗಳನ್ನು 1883ರಲ್ಲಿಯೇ ಲಂಡನ್ ನಗರ ಕಾರ್ಪೊರೇಷನ್ ಕೊಂಡು ಉಳಿಸಿತು. 1981ರಲ್ಲಿ ಸ್ಥಾಪಿತವಾದ ಲಂಡನ್ ವೈಲ್ಡ್‌ಲೈಫ್ ಟ್ರಸ್ಟ್ ಹಚಿನ್ಸನ್ಸ್ ಬ್ಯಾಂಕ್ ಮೊದಲಾದುವನ್ನು ನೋಡಿಕೊಳ್ಳುತ್ತಿದೆ. ಅಲ್ಲಿನ ಆರ್ಕಿಡ್‌ಗಳಿಗೂ ಚಿಟ್ಟೆಗಳಿಗೂ ಎಣಿಸುವವರಿದ್ದಾರೆ. ಮಣ್ಣಿಗೆ? 1983ರ ರಾಷ್ಟ್ರೀಯ ಮಣ್ಣಿನ ನಕ್ಷೆಯ ಪ್ರಮಾಣದಲ್ಲಿ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ನೆಲ. ಇನ್ನೂರು ಮೀಟರ್ ಅಗಲದ ಇಳಿಜಾರು ಅದರಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ. ನಗರವು ಹಬ್ಬಿದ ನೆಲವನ್ನಂತೂ ಸರ್ವೇಕ್ಷಣೆಯೇ ಆಗದ ಪ್ರದೇಶವೆಂದು ಅದು ಬಿಟ್ಟುಬಿಟ್ಟಿದೆ. ಆ ಸರ್ವೇಕ್ಷಣೆಯ ಸಂಸ್ಥೆ 1987ರಲ್ಲಿ ಕ್ರಾನ್‌ಫೀಲ್ಡ್ ವಿದ್ಯಾಸಂಸ್ಥೆಗೆ ಸೇರಿಹೋದ ಮೇಲೆ ಗುಳಿ ತೋಡುವ ಕೈಗಳೂ ಕಡಿಮೆಯಾದುವು.

ಆದುದರಿಂದ ಈ ತಾಣಗಳನ್ನು ಪಾಲಿಸುವವರಲ್ಲಿಯೂ, ಮಣ್ಣನ್ನು ಓದಬಯಸುವ ತರುಣರಲ್ಲಿಯೂ ನನ್ನ ಬಿನ್ನಹವಿಷ್ಟೆ: ಒಂದೊಂದು ಇಳಿಜಾರಿಗೂ ನೆತ್ತಿಯಲ್ಲಿ, ನಡುವೆ, ತಳದಲ್ಲಿ ಮೂರು ಗುಳಿಗಳನ್ನು ತೋಡಿ, ಆಳ, ಕಲ್ಲು, ರಂಜಕ, ಜೀವಾಂಶ ಇವನ್ನು ಬರೆದಿಡಿರಿ, ಆ ಲೆಕ್ಕ ಕೈಗೆ ಬರುವ ತನಕ ಅಲ್ಲಿ ಒಂದು ಸಸಿಯನ್ನೂ ನೆಡಬೇಡಿರಿ, ಒಂದು ಬುಟ್ಟಿ ಗೊಬ್ಬರವನ್ನೂ ಸುರಿಯಬೇಡಿರಿ.