ಪಿಂಗ್ಯಾವೊ - ಬಡತನ ಉಳಿಸಿದ ಕೋಟೆ

ಹುಂಡಿ ಅಂದ ಕೂಡಲೆ ನಮಗೆ ನೆನಪಾಗೋದು ದೇವಸ್ಥಾನದ ಕಾಣಿಕೆ ಡಬ್ಬಿ. ವ್ಯಾಪಾರಸ್ಥರ ಬಾಯಲ್ಲಿ ಅದರ ಅರ್ಥ ಬೇರೆ. ಒಂದೂರಿನಲ್ಲಿ ದುಡ್ಡು ಕಟ್ಟಿ ಚೀಟಿ ಬರೆಸಿಕೊಂಡು, ಇನ್ನೊಂದೂರಿನಲ್ಲಿ ಆ ಚೀಟಿ ತೋರಿಸಿ ದುಡ್ಡು ತೆಗೆದುಕೊಳ್ಳುವ ಏರ್ಪಾಡು. ಬ್ಯಾಂಕುಗಳು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ಸೇಠುಗಳು, ಸಾಹುಕಾರರು ಇದನ್ನು ನಡೆಸುತ್ತಿದ್ದರು. ಇದೇ ಕೆಲಸವನ್ನು ಹೆಚ್ಚುಕಡಿಮೆ ಇಡೀ ಚೀನಾಕ್ಕೆ ಮಾಡಿಕೊಡುತ್ತಿದ್ದ ಒಂದು ಪುಟ್ಟ ಊರಿದೆ. ಹೆಸರು ಪಿಂಗ್ಯಾವೊ. ಕೆಲವು ದಿನಗಳಿಂದ ಅದರ ಬಗ್ಗೆ ಓದುತ್ತಾ ಓದುತ್ತಾ ತಲೆ ತುಂಬಾ ಅದೇ ತುಂಬಿಕೊಂಡಿದೆ, ಸ್ವಲ್ಪ ನಿಮಗೂ ದಾಟಿಸೋಣ ಅಂತ ಈ ಬರಹ.

ಪಿಂಗ್ಯಾವೊ ಇರೋದು ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯದ ನಟ್ಟನಡುವೆ, ಫೆನ್ ನದಿಯ ಬಯಲಿನಲ್ಲಿ. ಪ್ರಾಂತ್ಯದ ರಾಜಧಾನಿ ತೈಯುವಾನ್‌ನಿಂದ ದಕ್ಷಿಣಕ್ಕೆ ಸುಮಾರು 90-100 ಕಿಲೋಮೀಟರ್. ಸುತ್ತ ಹಳದಿ ಮಣ್ಣಿನ ಗುಡ್ಡಗಳು, ಕಡಿಮೆ ಮಳೆ, ಕೊರೆಯುವ ಚಳಿಗಾಲ. ಭತ್ತದ ಸೀಮೆಯಲ್ಲ, ಗೋಧಿ, ಜೋಳ, ನವಣೆ ತಿನ್ನುವ ಜನ. ಶಾನ್‌ಶಿಯಲ್ಲಿ ಜನ ಜಾಸ್ತಿ, ಒಳ್ಳೆ ಭೂಮಿ ಕಮ್ಮಿ. ಹಾಗಾಗಿ ಗಂಡಸರು ವ್ಯಾಪಾರಕ್ಕೆ ಅಂತ ಊರು ಬಿಟ್ಟು ಹೋಗುವುದು ಅಲ್ಲಿ ತಲೆತಲಾಂತರದ ರೂಢಿ. ಉತ್ತರದ ಗಡಿಯ ಸೈನ್ಯಕ್ಕೆ ಧಾನ್ಯ, ಉಪ್ಪು, ಮಂಗೋಲಿಯಾ ದಾಟಿ ರಷ್ಯಾದ ಗಡಿಯ ಕ್ಯಾಖ್ತಾದವರೆಗೆ ಚಹಾ... ಶಾನ್‌ಶಿಯವರು ಮುಟ್ಟದ ವ್ಯಾಪಾರವಿರಲಿಲ್ಲ.

ಊರಿನ ಗೋಡೆಯನ್ನು ಈಗಿನ ಅಳತೆಗೆ ಕಟ್ಟಿದ್ದು 1370ರಲ್ಲಿ, ಮಿಂಗ್ ವಂಶದ ಮೊದಲನೇ ಚಕ್ರವರ್ತಿಯ ಕಾಲದಲ್ಲಿ. ಸುತ್ತಳತೆ ಸುಮಾರು 6 ಕಿಲೋಮೀಟರ್. ಒಳಗೆ ಬಡಿದು ಗಟ್ಟಿ ಮಾಡಿದ ಮಣ್ಣು, ಹೊರಗೆ ಇಟ್ಟಿಗೆಯ ಹೊದಿಕೆ. ಬಾಗಿಲು ಆರು. ಮೇಲಿನಿಂದ ನೋಡಿದರೆ ಆಮೆಯಂತೆ. ದಕ್ಷಿಣದ ಬಾಗಿಲು ತಲೆ, ಉತ್ತರದ್ದು ಬಾಲ, ಪೂರ್ವ ಪಶ್ಚಿಮದ ನಾಲ್ಕು ಬಾಗಿಲು ಕಾಲುಗಳು ಅಂತ ಅಲ್ಲಿಯವರ ಲೆಕ್ಕಾಚಾರ. ಆಮೆ ಅಂದರೆ ದೀರ್ಘಾಯುಷ್ಯ ತಾನೆ? ಆಮೆಯ ಆಯುಷ್ಯವೇ ಈ ಊರಿಗೆ ಸಿಕ್ಕಿತು ಅನ್ನಿ, ಆದರೆ ಸಿಕ್ಕ ದಾರಿ ವಿಚಿತ್ರ.

ಈಗ ಬ್ಯಾಂಕಿನ ಕಥೆಗೆ ಬರೋಣ. ಊರಿನ ಪಶ್ಚಿಮ ಬೀದಿಯಲ್ಲಿ ಲೀ ಮನೆತನದವರದ್ದೊಂದು ಬಣ್ಣದ ಅಂಗಡಿ ಇತ್ತು. ತಾಮ್ರದಿಂದ ಹಸಿರು ಬಣ್ಣ ತಯಾರಿಸಿ ಮಾರುವುದು ಕಸುಬು, ಬೀಜಿಂಗ್‌ನಲ್ಲೂ ಶಾಖೆ. ಅಂಗಡಿಯ ಮ್ಯಾನೇಜರ್ ಲೇ ಲೂತಾಯ್ ಎಂಬಾತ. ಆಗ ದುಡ್ಡು ಅಂದರೆ ಬೆಳ್ಳಿ ಗಟ್ಟಿ. ಬೀಜಿಂಗ್‌ನಿಂದ ಊರಿಗೆ ಬೆಳ್ಳಿ ಕಳಿಸಬೇಕಾದರೆ ಗಾಡಿ ಬೇಕು, ಜೊತೆಗೆ ಕುಸ್ತಿ ಕತ್ತಿವರಸೆ ಗೊತ್ತಿದ್ದ ಬೆಂಗಾವಲಿನವರು ಬೇಕು. ಅದಕ್ಕೆಂದೇ ಕಂಪನಿಗಳಿದ್ದವು. ಖರ್ಚೂ ಜಾಸ್ತಿ, ದಾರಿಯಲ್ಲಿ ಕಳ್ಳರ ಭಯ ಬೇರೆ. ಬೀಜಿಂಗ್‌ನಲ್ಲಿದ್ದ ಊರಿನವರು ಕೆಲವರು ಪರಿಚಯದ ಮೇಲೆ ಬಣ್ಣದ ಅಂಗಡಿಯ ಶಾಖೆಯಲ್ಲಿ ಬೆಳ್ಳಿ ಕೊಟ್ಟು, ಒಂದು ಪತ್ರ ಬರೆಸಿಕೊಂಡು, ಪಿಂಗ್ಯಾವೊದ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಿದ್ದರಂತೆ. ಮೊದಮೊದಲು ಇದು ಬಿಟ್ಟಿ ಉಪಕಾರ. ಇದರಲ್ಲೇ ದುಡ್ಡಿದೆ ಅಂತ ಲೇ ಲೂತಾಯ್‌ಗೆ ಹೊಳೆಯಿತು. 1823ರ ಹೊತ್ತಿಗೆ ಬಣ್ಣ ಬಿಟ್ಟು ಬರೀ ಚೀಟಿಯ ವ್ಯವಹಾರಕ್ಕೇ ಅಂಗಡಿ ಬದಲಾಯಿತು. ಹೆಸರು ರಿಷೆಂಗ್‌ಚಾಂಗ್, ಉದಯಿಸುವ ಸೂರ್ಯನ ಏಳಿಗೆ ಅಂತ ಅರ್ಥ. ಇಂಥ ಅಂಗಡಿಗೆ ಚೀನೀಯರು ಕೊಟ್ಟ ಹೆಸರು 'ಪ್ಯಾವ್‌ಹಾವ್', ಅಂದರೆ ಚೀಟಿ ಅಂಗಡಿ. (ನಮ್ಮ ತಿಂಗಳ ಚೀಟಿಯಲ್ಲ ಮತ್ತೆ!)

ನನಗೆ ತುಂಬಾ ಖುಷಿ ಕೊಟ್ಟಿದ್ದು ಅವರ ಗುಪ್ತಲಿಪಿ. ನಕಲಿ ಚೀಟಿ ತಂದು ಯಾರಾದರೂ ದುಡ್ಡು ಹೊಡೆದುಬಿಟ್ಟರೆ? ಅದಕ್ಕೆ ಚೀಟಿಯ ಕಾಗದದಲ್ಲೇ ಗುರುತು, ಗೊತ್ತುಪಡಿಸಿದ ಒಬ್ಬನದೇ ಕೈಬರಹ. ಅದರ ಮೇಲೆ ತಾರೀಖು, ಮೊತ್ತ ಎಲ್ಲಾ ಸಂಕೇತದಲ್ಲಿ. ಹನ್ನೆರಡು ತಿಂಗಳಿಗೆ ಹನ್ನೆರಡು ಅಕ್ಷರ. ಆ ಹನ್ನೆರಡನ್ನೂ ಸಾಲಾಗಿ ಓದಿದರೆ ನಕಲಿ ಚೀಟಿಯ ಬಗ್ಗೆ ಹುಷಾರು, ಬರಹ ಮೊಹರು ಸರಿಯಾಗಿ ನೋಡು ಅನ್ನೋ ಅರ್ಥದ ಮಾತು! ದಿನಗಳಿಗೆ ಬೇರೆ ಮೂವತ್ತು ಅಕ್ಷರ, ಮೊತ್ತಕ್ಕೆ ಇನ್ನೊಂದಿಷ್ಟು. ಕಾಲಕಾಲಕ್ಕೆ ಇವನ್ನು ಬದಲಾಯಿಸುತ್ತಿದ್ದರು. ಈಗ ನಾವು ಪಾಸ್‌ವರ್ಡ್ ಬದಲಾಯಿಸು ಅಂದರೆ ಗೊಣಗುತ್ತೇವೆ :)

ಇನ್ನೊಂದು, ಪಾಲಿನ ವ್ಯವಸ್ಥೆ. ದುಡ್ಡು ಹಾಕಿದವನಿಗೆ ಬೆಳ್ಳಿಯ ಪಾಲು, ದುಡಿಯುವವನಿಗೆ ಮೈ ಪಾಲು. ಹುಡುಗನಾಗಿ ಸೇರಿ, ವರ್ಷಗಟ್ಟಲೆ ನೆಲ ಗುಡಿಸಿ, ಮಣಿಕಟ್ಟು ಕಲಿತು, ನಂಬಿಕೆ ಗಳಿಸಿದವನಿಗೆ ಲಾಭದಲ್ಲಿ ಪಾಲು ಸಿಗುತ್ತಿತ್ತು, ಅದೂ ನಷ್ಟದ ಹೊಣೆ ಇಲ್ಲದೆ. ಆತ ಸತ್ತ ಮೇಲೂ ಕೆಲವು ಲೆಕ್ಕದ ಅವಧಿಗಳವರೆಗೆ ಮನೆಯವರಿಗೆ ಪಾಲು ಹೋಗುತ್ತಿತ್ತು. ದಿನದ ವ್ಯವಹಾರದಲ್ಲಿ ಮಾಲೀಕ ತಲೆ ಹಾಕುವಂತಿಲ್ಲ, ಮ್ಯಾನೇಜರ್‌ದೇ ಕೊನೆ ಮಾತು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ದೂರದ ಶಾಖೆಗೆ ಹೋದವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿರಲಿಲ್ಲ, ಮೂರು ವರ್ಷಕ್ಕೊಮ್ಮೆ ಊರಿಗೆ. ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಸುತ್ತಮುತ್ತಲಿನವರನ್ನೇ, ಜಾಮೀನಿನ ಮೇಲೆ. ಅಂದರೆ ದುಡ್ಡು ಎತ್ತಿಕೊಂಡು ಓಡಿದರೆ ಮನೆಯವರು ಇಲ್ಲೇ ಸಿಗುತ್ತಾರೆ ಅನ್ನೋ ಲೆಕ್ಕ. ಆ ಚೆಂದದ ಅಂಗಳದ ಮನೆಗಳಲ್ಲಿ ಗಂಡನ ದಾರಿ ಕಾಯುತ್ತಾ ವರ್ಷ ಎಣಿಸಿದ ಹೆಂಗಸರ ಲೆಕ್ಕವನ್ನು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ.

ಅದು ಬೆಳೆದ ಪರಿ ಬೆರಗು ಹುಟ್ಟಿಸುವಂಥದು. 1850ರ ನಂತರ ತೈಪಿಂಗ್ ದಂಗೆ ಎದ್ದು ದಕ್ಷಿಣದಿಂದ ಬೀಜಿಂಗ್‌ಗೆ ತೆರಿಗೆಯ ಬೆಳ್ಳಿ ಸಾಗಿಸುವುದು ಕಷ್ಟವಾದಾಗ ಸರ್ಕಾರವೇ ಚೀಟಿ ಅಂಗಡಿಗಳ ಮೊರೆ ಹೋಯಿತು. 1900ರಲ್ಲಿ ವಿದೇಶಿ ಸೈನ್ಯಗಳು ಬೀಜಿಂಗ್‌ಗೆ ನುಗ್ಗಿದಾಗ ರಾಜಮಾತೆ ಸಿಶಿ ಶಾನ್‌ಶಿಯ ಮೂಲಕವೇ ಶಿಯಾನ್‌ಗೆ ಪಲಾಯನ ಮಾಡಿದಳು. ಬೀಜಿಂಗ್‌ನ ಶಾಖೆಗಳು ಲೂಟಿಯಾಗಿದ್ದರೂ ಚೀಟಿ ಹಿಡಿದು ಬಂದವರಿಗೆ ಶಾನ್‌ಶಿಯ ಅಂಗಡಿಗಳು ಬೆಳ್ಳಿ ಎಣಿಸಿದವು. ಮರುವರ್ಷ ಚೀನಾದ ತಲೆಗೆ ಕಟ್ಟಿದ 45 ಕೋಟಿ ಟೇಲ್ ಬೆಳ್ಳಿಯ ದಂಡಕ್ಕೆ ಪ್ರಾಂತ್ಯಗಳಿಂದ ಹಣ ಸಾಗಿಸುವ ಕೆಲಸವೂ ಇವರಿಗೇ. ದೇಶ ಮುಳುಗುತ್ತಿದ್ದಾಗ ಇವರು ಏಳುತ್ತಿದ್ದರು ಅಂದರೆ ಒರಟಾದೀತು, ಆದರೆ ಸುಳ್ಳಲ್ಲ.

ಇಲ್ಲೇ ಲೀ ಹೊಂಗ್‌ಲಿಂಗ್ ಬರುತ್ತಾನೆ. ಪಿಂಗ್ಯಾವೊದವನೇ, ಇನ್ನೊಂದು ಚೀಟಿ ಅಂಗಡಿಯ ಬೀಜಿಂಗ್ ಶಾಖೆಯ ಮ್ಯಾನೇಜರ್. ವಿದೇಶಿ ಬ್ಯಾಂಕುಗಳು, 1905ರಲ್ಲಿ ಶುರುವಾದ ಸರ್ಕಾರಿ ಬ್ಯಾಂಕು, ತಂತಿ, ರೈಲು ಎಲ್ಲವನ್ನೂ ಕಣ್ಣಾರೆ ಕಂಡವನು. ನಾವೆಲ್ಲ ಒಟ್ಟಾಗಿ ಒಂದು ಆಧುನಿಕ ಬ್ಯಾಂಕ್ ಮಾಡದಿದ್ದರೆ ಉಳಿಯುವುದಿಲ್ಲ ಅಂತ 1908ರಲ್ಲಿ ಊರಿಗೆ ಕಾಗದದ ಮೇಲೆ ಕಾಗದ ಬರೆದ. ಊರಿನ ದೊಡ್ಡವರು ಒಪ್ಪಲಿಲ್ಲ. ಇವನಿಗೇನೋ ಸ್ವಂತ ಲಾಭವಿದೆ ಅಂತ ಅನುಮಾನಪಟ್ಟರು. ನಡೆಯುತ್ತಿರುವ ಅಂಗಡಿಯನ್ನು ಯಾಕೆ ಮುಟ್ಟಬೇಕು ಅನ್ನುವ ಮನಸ್ಸು. ಮೂರೇ ವರ್ಷ. 1911ರ ಕ್ರಾಂತಿಯಲ್ಲಿ ಶಾಖೆಗಳು ಲೂಟಿಯಾದವು, ಕೊಟ್ಟ ಸಾಲ ಮರಳಲಿಲ್ಲ, ಠೇವಣಿ ಇಟ್ಟವರು ಬಾಗಿಲಿಗೆ ಬಂದು ನಿಂತರು. ಮಾಲೀಕರ ಹೊಣೆಗೆ ಮಿತಿ ಇಲ್ಲದ್ದರಿಂದ ಮನೆಮಠವೂ ಸಾಲಕ್ಕೆ ಹೋಗುವಂತಾಯಿತು. 1914ರಲ್ಲಿ ರಿಷೆಂಗ್‌ಚಾಂಗ್ ದಿವಾಳಿ. ಲೀ ಹೊಂಗ್‌ಲಿಂಗ್ 1917ರಲ್ಲಿ ತನ್ನ ಹಳೆಯ ಕಾಗದಗಳನ್ನೂ ಈ ಏಳುಬೀಳಿನ ಕಥೆಯನ್ನೂ ಪುಸ್ತಕ ಮಾಡಿ ಹೊರತಂದ. ಅದನ್ನು ಅಚ್ಚಿಗೆ ಕೊಡುವಾಗ ಆತನಿಗೆ ಹೇಗನ್ನಿಸಿರಬಹುದು?

ಆಮೇಲೆ ಊರು ಬಡವಾಯಿತು. ಬೇರೆ ಊರುಗಳು ಹಳೇ ಗೋಡೆ ಕೆಡವಿ ರಸ್ತೆ ಮಾಡುತ್ತಿದ್ದಾಗ ಪಿಂಗ್ಯಾವೊ ಹತ್ತಿರ ಕೆಡವಲೂ ದುಡ್ಡಿರಲಿಲ್ಲ. 1980ರ ಹೊತ್ತಿಗೆ ಅಂತೂ ಸ್ವಲ್ಪ ಕೈಯಾಡತೊಡಗಿ, ರಸ್ತೆ ಅಗಲ ಮಾಡುವ ನಕ್ಷೆ ತಯಾರಾಯಿತು, ಒಡೆಯುವುದೂ ಶುರುವಾಯಿತು. ಶಾಂಘೈನ ತೊಂಗ್‌ಜಿ ವಿಶ್ವವಿದ್ಯಾಲಯದ ರುವಾನ್ ಯೀಸಾನ್ ಎಂಬ ಮೇಷ್ಟ್ರು ಓಡಾಡಿ ಅದನ್ನು ನಿಲ್ಲಿಸಿದರು. ಹೊಸ ಊರನ್ನು ಗೋಡೆಯ ಹೊರಗೆ ಕಟ್ಟಿ, ಹಳೆಯದನ್ನು ಹಾಗೇ ಬಿಡಿ ಅನ್ನುವುದು ಅವರ ನಕ್ಷೆ. 1986ರಲ್ಲಿ ರಾಷ್ಟ್ರೀಯ ಐತಿಹಾಸಿಕ ನಗರ, 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ.

ಈಗ ಊರಿನ ದೊಡ್ಡ ಆದಾಯ ಪ್ರವಾಸಿಗರಿಂದ. ರಿಷೆಂಗ್‌ಚಾಂಗ್ ವಸ್ತುಸಂಗ್ರಹಾಲಯವಾಗಿದೆ. ಅಂಗಳದ ಮನೆಗಳು ಎಷ್ಟೋ ಲಾಡ್ಜುಗಳಾಗಿವೆ. ಕೈಯಲ್ಲೇ ಉಜ್ಜಿ ಹೊಳಪು ತರಿಸುವ ಅರಗಿನ ಸಾಮಾನು, ಉಪ್ಪು ಹಾಕಿ ಬೇಯಿಸಿದ ದನದ ಮಾಂಸ ಇಲ್ಲಿನ ಹೆಸರುವಾಸಿ ಸರಕು. 2014ರಲ್ಲಿ ವೇಗದ ರೈಲು ಬಂತು. ಪಕ್ಕದ ಫೆನ್ಯಾಂಗ್‌ನವನಾದ ನಿರ್ದೇಶಕ ಜ್ಯಾ ಝಾಂಗ್‌ಕೆ 2017ರಲ್ಲಿ ಇಲ್ಲಿ ಚಿತ್ರೋತ್ಸವ ಶುರು ಮಾಡಿದ.

ಗೋಡೆಯ ವಿಷಯ ಮಾತ್ರ ಮುಗಿದಿಲ್ಲ. 2004ರಲ್ಲಿ ದಕ್ಷಿಣದ ಒಂದು ಭಾಗ ಬಿದ್ದು ಮತ್ತೆ ಕಟ್ಟಿದರು. 2021ರ ಅಕ್ಟೋಬರ್‌ನಲ್ಲಿ ಶಾನ್‌ಶಿಯಲ್ಲಿ ಹಿಂದೆಂದೂ ಕಾಣದ ಮಳೆ ದಿನಗಟ್ಟಲೆ ಸುರಿದು ಸುಮಾರು 25 ಮೀಟರ್ ಕುಸಿಯಿತು. ಒಣ ಸೀಮೆಗೆಂದು ಬಡಿದು ಕಟ್ಟಿದ ಮಣ್ಣು, ಅಷ್ಟು ನೀರು ಕುಡಿದು ನಿಲ್ಲುವುದಾದರೂ ಹೇಗೆ? ಆ ಪಟ ನೋಡಿದೆ. ಕುಸಿದ ಕಡೆ ಒಳಗಿನ ಹಳದಿ ಮಣ್ಣು ಹೊಲದ ಮಣ್ಣಿನ ಹಾಗೇ ಇತ್ತು.